ಟ್ಯೂಬ್ಯುಲಾರ್ ಕಾರ್ಸಿನೋಮಾದಲ್ಲಿ ಇಆರ್ ಸೊನ್ನೆ: ಆಂಟಿಬಾಡಿ ಹಾಳಾಗಿದೆಯಾ?

ಮೈಕ್ರೋಟೋಮ್_ಕುಡ್ಲ

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಬ್ಲಾಕ್‌ಗಳ (ಮೇಣದಲ್ಲಿ ಕೂರಿಸಿದ ಅಂಗಾಂಶ) ಇಆರ್ (ಈಸ್ಟ್ರೋಜನ್ ರಿಸೆಪ್ಟರ್) ಸ್ಟೇನ್ ಬಗ್ಗೆ ಸಲಹೆ ಬೇಕಿತ್ತು. ಮಳೆ ಹಿಡಿದ ಮೇಲೆ ಮೂರು ಕೇಸ್ ಸಂಶಯ ಹುಟ್ಟಿಸ್ತಾ ಉಂಟು. ಮೊದಲನೆಯದು ಗ್ರೇಡ್ 1 ಟ್ಯೂಬ್ಯುಲಾರ್ ಕಾರ್ಸಿನೋಮಾ, ಎರಡನೆಯದು ಕ್ಲಾಸಿಕ್ ಲೋಬ್ಯುಲಾರ್, ಮೂರನೆಯದು ಟ್ರೂಕಟ್‌ನಲ್ಲಿ (ಸೂಜಿ ಬಯಾಪ್ಸಿ) ಬಂದ ಗ್ರೇಡ್ 2 ಡಕ್ಟಲ್. ಇಂಥ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಇಆರ್ ಬರ್ತದೆ, ಆದರೆ ಮೂರರಲ್ಲೂ ಇಆರ್ ಸೊನ್ನೆ. ಟ್ಯೂಬ್ಯುಲಾರ್ ಕೇಸಲ್ಲಿ ಪಿಆರ್ (ಪ್ರೊಜೆಸ್ಟರಾನ್ ರಿಸೆಪ್ಟರ್) ಮಾತ್ರ ಅಲ್ಲಲ್ಲಿ ಬಂದಿದೆ.

ಆಂಟಿಬಾಡಿ 1ಡಿ5 ಕ್ಲೋನ್, ಕಾನ್ಸಂಟ್ರೇಟ್, 1:50. ರಿಟ್ರೀವಲ್ (ಬಫರಿನಲ್ಲಿ ಬೇಯಿಸಿ ರಿಸೆಪ್ಟರನ್ನು ಆಂಟಿಬಾಡಿಗೆ ತೆರೆದಿಡುವುದು) ಸಿಟ್ರೇಟ್ ಪಿಎಚ್ 6, ಮೈಕ್ರೋವೇವ್ 15 ನಿಮಿಷ. ಡಿಟೆಕ್ಷನ್ ಪಾಲಿಮರ್ ಎಚ್‌ಆರ್‌ಪಿ (ಬಣ್ಣ ಬರಿಸುವ ಎಂಜೈಮ್), ಡ್ಯಾಬ್ (ಅದರಿಂದ ಕಂದಾಗುವ ದ್ರಾವಣ) 5 ನಿಮಿಷ. ಕಂಟ್ರೋಲ್ ಆಗಿ ಇಡುವುದು ಸ್ತನ ಕ್ಯಾನ್ಸರಿನದ್ದೇ ಒಂದು ಹಳೆ ಬ್ಲಾಕ್, ಅದು ಪ್ರತಿ ಸಲವೂ ಗಾಢ ಕಂದು. ಕರೆಂಟ್ ಹೋಗಿ ಬಂದು ಮಾಡಿದ್ದರಿಂದ ಫ್ರಿಜ್‌ನಲ್ಲಿದ್ದ ಆಂಟಿಬಾಡಿ ಹಾಳಾಗಿರಬಹುದಾ? ಹೊಸ ವಯಲ್ ತರಿಸಬೇಕಾ?

ಹಿಸ್ಟೋಟೆಕ್_ಉಡುಪಿ

ತರಿಸುವ ಮೊದಲು ಒಂದು ಕೆಲಸ ಮಾಡಿ. ಅದೇ ಮೂರು ಸ್ಲೈಡ್‌ಗಳನ್ನು ಮತ್ತೆ ಮೈಕ್ರೋಸ್ಕೋಪಿಗೆ ಹಾಕಿ, ಗಡ್ಡೆಯನ್ನು ಬಿಟ್ಟು ಪಕ್ಕದ ಮಾಮೂಲಿ ಡಕ್ಟ್, ಲೋಬ್ಯೂಲ್ ನೋಡಿ. ಆರೋಗ್ಯವಂತ ಡಕ್ಟಿನ ಒಳಪದರದ ಕೋಶಗಳಲ್ಲಿ ಅಲ್ಲೊಂದು ಇಲ್ಲೊಂದು ನ್ಯೂಕ್ಲಿಯಸ್ ಕಂದು ಆಗಿರಬೇಕು. ಹೊರಗಿನ ಮಯೋಎಪಿಥೀಲಿಯಲ್ ಕೋಶಗಳು ನೀಲಿಯಾಗಿಯೇ ಇರಬೇಕು. ಒಳಪದರ ಪೂರ್ತಿ ಕಂದಾಗಿದ್ದರೆ ಸ್ಟೇನ್ ಜಾಸ್ತಿಯಾಗಿದೆ. ಪೂರ್ತಿ ನೀಲಿಯಾಗಿದ್ದರೆ ಆ ಸ್ಲೈಡ್‌ನಿಂದ ನೆಗೆಟಿವ್ ಎಂದು ಬರೆಯುವ ಹಾಗೇ ಇಲ್ಲ. ಅದು ಓದಲು ಬಾರದ ಸ್ಲೈಡ್, ಅಷ್ಟೆ. ಅಪೊಕ್ರೈನ್ ಮೆಟಾಪ್ಲೇಸಿಯಾ (ಒಳಪದರದ ಕೋಶಗಳು ಬೆವರುಗ್ರಂಥಿಯವುಗಳ ಹಾಗೆ ಬದಲಾದದ್ದು) ಇರುವ ಡಕ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದರಲ್ಲಿ ಇಆರ್ ಬರುವುದೇ ಇಲ್ಲ.

ಇನ್ನೊಂದು, ನಿಮ್ಮ ಕಂಟ್ರೋಲ್. ಪ್ರತಿ ಕೋಶವೂ ಗಾಢವಾಗಿ ಹಿಡಿಯುವ ಗಡ್ಡೆಯನ್ನು ಕಂಟ್ರೋಲ್ ಮಾಡಿದರೆ ಆಂಟಿಬಾಡಿ ಅರ್ಧ ಶಕ್ತಿಗೆ ಇಳಿದರೂ ಅದು ಕಂದಾಗಿಯೇ ಕಾಣ್ತದೆ. ಎಲ್ಲ ಸರಿ ಉಂಟು ಅಂತ ನಂಬಿಸಿಬಿಡ್ತದೆ. ಕಡಿಮೆ ಇಆರ್ ಇರುವ ಅಂಗಾಂಶ ಬೇಕು. ಟಾನ್ಸಿಲ್ ಮತ್ತು ಗರ್ಭಕೊರಳು, ಎರಡನ್ನೂ ಒಂದೇ ಬ್ಲಾಕ್‌ನಲ್ಲಿ ಕೂರಿಸಿ, ಪ್ರತಿ ರೋಗಿಯ ಸ್ಲೈಡಿನ ತುದಿಯಲ್ಲೇ ಹಚ್ಚಿ. ಗರ್ಭಕೊರಳಿನ ಸ್ಕ್ವೇಮಸ್ ಪದರ, ಗ್ರಂಥಿ, ಸ್ಟ್ರೋಮಾ ಎಲ್ಲವೂ ಚೆನ್ನಾಗಿ ಹಿಡಿಯಬೇಕು. ರಕ್ತನಾಳದ ಎಂಡೋಥೀಲಿಯಂ, ಲಿಂಫೋಸೈಟ್ ಮಾತ್ರ ಹಿಡಿಯಬಾರದು. ಟಾನ್ಸಿಲ್‌ನಲ್ಲಿ ಜರ್ಮಿನಲ್ ಸೆಂಟರ್ ಒಳಗೆ ಚದುರಿದ ಕೆಲವೇ ಕೋಶಗಳು, ಮೇಲಿನ ಸ್ಕ್ವೇಮಸ್ ಪದರದ ಕೆಲವು ಕೋಶಗಳು ತೆಳುವಾಗಿ ಕಾಣಬೇಕು. ಸುತ್ತಲಿನ ಮ್ಯಾಂಟಲ್ ಬಿ ಕೋಶಗಳು ಸ್ವಚ್ಛವಾಗಿರಬೇಕು. ಟಾನ್ಸಿಲ್‌ನ ಆ ತೆಳು ಚುಕ್ಕೆಗಳು ಮಾಯವಾದ ದಿನ ರೋಗಿಯ ತೆಳು ಪಾಸಿಟಿವ್ ಕೂಡ ಮಾಯವಾಗಿರ್ತದೆ.

ಮೈಕ್ರೋಟೋಮ್_ಕುಡ್ಲ

ನೋಡಿದೆ ಸರ್. ಟ್ಯೂಬ್ಯುಲಾರ್ ಕೇಸಲ್ಲಿ ಸೆಕ್ಷನಿನ ಅಂಚಿನ ಡಕ್ಟ್‌ಗಳು ನೀವು ಹೇಳಿದ ಹಾಗೆ ಅಲ್ಲಲ್ಲಿ ಕಂದು. ನಡುವಿನ ಡಕ್ಟ್‌ಗಳು ಬೋಳು. ಗಡ್ಡೆ ಇರುವುದೂ ನಡುವಿನಲ್ಲೇ. ಲೋಬ್ಯುಲಾರ್ ಕೇಸಲ್ಲಿ ಅಂಚಿನಲ್ಲೂ ಇಲ್ಲ, ನಡುವಿನಲ್ಲೂ ಇಲ್ಲ. ಟ್ರೂಕಟ್‌ನಲ್ಲಿ ಮಾಮೂಲಿ ಡಕ್ಟ್ ಬಂದೇ ಇಲ್ಲ, ಬರೀ ಗಡ್ಡೆ.

ಗ್ರಾಸಿಂಗ್_ಟೇಬಲ್

ಅಂಚಿನಲ್ಲಿ ಉಂಟು, ನಡುವಿನಲ್ಲಿ ಇಲ್ಲ ಅಂದರೆ ಅದು ಫಾರ್ಮಾಲಿನ್ ಮುಟ್ಟದ ನಡು. ಆಂಟಿಬಾಡಿಗೆ ಅಂಚು ಯಾವುದು, ನಡು ಯಾವುದು ಅಂತ ಗೊತ್ತಿಲ್ಲವಲ್ಲ, ಸ್ಲೈಡ್ ಪೂರ್ತಿ ಒಂದೇ ಹನಿ ಬಿದ್ದಿರ್ತದೆ.

ಇಡೀ ಮಸ್ಟೆಕ್ಟಮಿಯನ್ನು (ತೆಗೆದ ಸ್ತನವನ್ನು) ಕುಯ್ಯದೆ ಬಕೆಟಿಗೆ ಇಳಿಸಿದರೆ ಆಗುವುದು ಇದೇ. ಫಾರ್ಮಾಲಿನ್ ಮೊದಲ ಗಂಟೆಯಲ್ಲಿ ಅಂದಾಜು 1 ಮಿ.ಮೀ. ಒಳಗೆ ಹೋಗ್ತದೆ, ಆಮೇಲೆ ವೇಗ ಇಳಿಯುತ್ತಾ ಹೋಗ್ತದೆ. ಎರಡರಷ್ಟು ಆಳ ಹೋಗಲು ನಾಲ್ಕರಷ್ಟು ಹೊತ್ತು ಬೇಕು. ಸ್ತನದ ಕೊಬ್ಬು ಬೇರೆ ತಡೆಯಾಗ್ತದೆ. ಮರುದಿನ ಗ್ರಾಸಿಂಗ್‌ಗೆ (ಕುಯ್ದು ತುಂಡು ಆರಿಸುವುದಕ್ಕೆ) ಬಂದಾಗ ಗಡ್ಡೆಯ ನಡು ಹಸಿಯಾಗಿಯೇ ಇರ್ತದೆ, ಚಾಕು ಹಾಕಿದರೆ ಮೆತ್ತಗೆ, ಗುಲಾಬಿ ಬಣ್ಣ. ಆ ತುಂಡನ್ನು ಕ್ಯಾಸೆಟಿಗೆ ಹಾಕಿ ಪ್ರೊಸೆಸರಿಗೆ ಬಿಟ್ಟರೆ ಉಳಿದದ್ದನ್ನು ಆಲ್ಕೋಹಾಲ್ ಗಟ್ಟಿ ಮಾಡ್ತದೆ. ಫಾರ್ಮಾಲಿನ್ ಕಟ್ಟಿದ ಪ್ರೊಟೀನ್ ಬೇರೆ, ಆಲ್ಕೋಹಾಲಿನಲ್ಲಿ ಹೆಪ್ಪುಗಟ್ಟಿದ್ದು ಬೇರೆ. ನಿಮ್ಮ ರಿಟ್ರೀವಲ್ ಮೊದಲನೆಯದಕ್ಕೆ ಹೊಂದಿಸಿದ್ದು.

ನಿಯಮ ಮೂರೇ. ದೇಹದಿಂದ ತೆಗೆದು 1 ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು. ಸೇರುವಾಗಲೇ 5 ಮಿ.ಮೀ. ಅಂತರದಲ್ಲಿ ಕುಯ್ದು, ಪದರಗಳ ನಡುವೆ ಗಾಜ್ ಇಟ್ಟಿರಬೇಕು. ಒಟ್ಟು 6ರಿಂದ 72 ಗಂಟೆ ಫಾರ್ಮಾಲಿನ್‌ನಲ್ಲಿರಬೇಕು. ಪ್ರಮಾಣ ಅಂಗಾಂಶದ ಕನಿಷ್ಠ 10 ಪಟ್ಟು. ಟ್ರೂಕಟ್ ಸಣ್ಣದು, 2 ಗಂಟೆ ಸಾಕು ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಒಳಗೆ ಹೋಗಲು 2 ಗಂಟೆ ಸಾಕು, ಪ್ರೊಟೀನ್‌ಗಳನ್ನು ಬೆಸೆಯಲು ಸಾಲದು. ಟ್ರೂಕಟ್‌ಗೂ 6 ಗಂಟೆಯೇ. ನಿಮ್ಮ ಮೂರನೇ ಕೇಸಿನ ರಿಕ್ವಿಸಿಷನ್ ತೆಗೆದು ಸಮಯ ನೋಡಿ.

ಕುಂದಾಪುರ, ಕಾರ್ಕಳ, ಸುಳ್ಯ ಕಡೆಯಿಂದ ಬಸ್ಸಿನಲ್ಲಿ ಬರುವ ಸ್ಯಾಂಪಲ್‌ಗಳಿಗೆ ಇನ್ನೂ ಎರಡು ತೊಂದರೆ. ಸಲೈನ್ ಗಾಜ್‌ನಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿ ಕಳಿಸ್ತಾರೆ, ಇಲ್ಲಿ ತಲುಪುವಾಗ ಆ 1 ಗಂಟೆ ಎಂದೋ ಮುಗಿದಿರ್ತದೆ. ಇಲ್ಲದಿದ್ದರೆ ಕಾನ್ಸಂಟ್ರೇಟೆಡ್ ಫಾರ್ಮಾಲಿನ್‌ಗೆ ನಳ್ಳಿ ನೀರು ಬೆರೆಸಿ ತುಂಬಿಸ್ತಾರೆ. ಬಫರ್ ಇಲ್ಲದ ಫಾರ್ಮಾಲಿನ್ ದಿನ ಹೋದ ಹಾಗೆ ಫಾರ್ಮಿಕ್ ಆಸಿಡ್ ಆಗ್ತದೆ. ಬಾಟಲಿ ನೀವೇ ತುಂಬಿಸಿ ಕಳಿಸುವುದು ಒಳ್ಳೆಯದು. 37–40% ಫಾರ್ಮಾಲಿನ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಾಟಲಿಯ ಲೇಬಲ್ ಮೇಲೆ ಎರಡು ಖಾಲಿ ಗೆರೆ ಬಿಡಿ: ತೆಗೆದ ಸಮಯ, ಫಾರ್ಮಾಲಿನ್‌ಗೆ ಹಾಕಿದ ಸಮಯ. ಗೆರೆ ಇದ್ದರೆ ಸಿಸ್ಟರ್ ತುಂಬಿಸ್ತಾರೆ, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ.

ಬಲ್ಮಠ_ಲ್ಯಾಬ್

ಮೇಡಂ ಹೇಳಿದ ಆಸಿಡ್ ಫಾರ್ಮಾಲಿನ್ ಬಗ್ಗೆ ಒಂದು ಸೇರಿಸ್ತೇನೆ. ರಕ್ತ ತುಂಬಿದ ಅಂಗಾಂಶದಲ್ಲಿ ಅದು ಕಂದು-ಕಪ್ಪು ಪುಡಿಯ ಹಾಗೆ ಫಾರ್ಮಾಲಿನ್ ಪಿಗ್ಮೆಂಟ್ ಬಿಡ್ತದೆ. ಅವಸರದಲ್ಲಿ ನೋಡಿದರೆ ಡ್ಯಾಬ್ ಅಂತಲೇ ಅನಿಸ್ತದೆ. ಪ್ರೈಮರಿ ಆಂಟಿಬಾಡಿ ಹಾಕದ ನೆಗೆಟಿವ್ ಸ್ಲೈಡಿನಲ್ಲೂ ಅದೇ ಪುಡಿ ಇದ್ದರೆ, ನ್ಯೂಕ್ಲಿಯಸ್ ಬಿಟ್ಟು ಎಲ್ಲೆಂದರಲ್ಲಿ ಬಿದ್ದಿದ್ದರೆ ಅದು ಪಿಗ್ಮೆಂಟೇ.

ಮತ್ತೆ ಕರೆಂಟಿನ ಪ್ರಶ್ನೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಆಂಟಿಬಾಡಿ ಕೆಲವು ಗಂಟೆ ಹೊರಗಿನ ಬಿಸಿಗೆ ಬಂದರೆ ಸಾಯುವುದಿಲ್ಲ, ಐಜಿಜಿ (ಈ ಆಂಟಿಬಾಡಿಗಳ ಬಗೆ) ಅಷ್ಟು ಸೂಕ್ಷ್ಮ ಅಲ್ಲ. ಅದನ್ನು ಕೆಡಿಸುವುದು ಫ್ರೀಜರಿನಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಕರಗುವುದು, ಡೈಲ್ಯೂಟ್ ಮಾಡಿ ವಾರಗಟ್ಟಲೆ ಇಡುವುದು. ಡಿಟೆಕ್ಷನ್ ಕಿಟ್ ಬದುಕಿದೆಯಾ ನೋಡಲು ಅರ್ಧ ನಿಮಿಷ ಸಾಕು: ಫಿಲ್ಟರ್ ಪೇಪರ್ ಮೇಲೆ ತಯಾರಿಸಿದ ಡ್ಯಾಬ್ ಒಂದು ಹನಿ, ಅದರ ಮೇಲೆ ಎಚ್‌ಆರ್‌ಪಿ ಪಾಲಿಮರ್ ಒಂದು ಹನಿ. ಕೂಡಲೇ ಕಂದಾದರೆ ಕಿಟ್ ಸರಿ. ವಾಶ್ ಬಫರಿಗೆ ಫಂಗಸ್ ಬಾರದ ಹಾಗೆ ಸೋಡಿಯಂ ಅಜೈಡ್ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಅಜೈಡ್ ಎಚ್‌ಆರ್‌ಪಿಯನ್ನು ಕಟ್ಟಿಹಾಕ್ತದೆ.

ಬಫರ್_9

ಲೋಬ್ಯುಲಾರ್ ಕೇಸಿಗೆ ಬರ್ತೇನೆ. ಸ್ಲೈಡ್ ಪೂರ್ತಿ ಮಾಮೂಲಿ ಡಕ್ಟೂ ಬೋಳು ಅಂದರೆ ಫಿಕ್ಸೇಷನ್ ಒಂದನ್ನೇ ದೂರುವ ಹಾಗಿಲ್ಲ. 1ಡಿ5 ಕ್ಲೋನ್, ಸಿಟ್ರೇಟ್, ಮೈಕ್ರೋವೇವ್, ಈ ಮೂರೂ ಸೇರಿದ್ದೇ ದುರ್ಬಲ ಜೋಡಣೆ. 1ಡಿ5 ಇಲಿಯ ಆಂಟಿಬಾಡಿ, ರಿಸೆಪ್ಟರಿನ ಮುಂದಿನ ತುದಿಯ ಕಡೆ ಹಿಡಿಯುತ್ತದೆ. ಎಸ್‌ಪಿ1 ಮೊಲದ ಮಾನೋಕ್ಲೋನಲ್, 595 ಅಮೈನೋ ಆಸಿಡ್‌ಗಳ ಇಆರ್ ಆಲ್ಫಾದ ಕೊನೆಯ ತುದಿಗೆ ಅಂಟುತ್ತದೆ. 2006ರಲ್ಲಿ ಕೆನಡಾದ 4 ಸಾವಿರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್‌ಗಳ ಮೇಲೆ ಎರಡನ್ನೂ ಹೋಲಿಸಿದಾಗ ಎಸ್‌ಪಿ1 ಸುಮಾರು 8% ಹೆಚ್ಚು ಸೂಕ್ಷ್ಮ ಎಂದು ಕಂಡಿತು. 6ಎಫ್11, ಇಪಿ1 ಕೂಡ ಬಳಕೆಯಲ್ಲಿರುವ ಒಳ್ಳೆಯ ಕ್ಲೋನ್‌ಗಳು. ಯಾವುದನ್ನು ತಂದರೂ ಟ್ರಿಸ್-ಇಡಿಟಿಎ ಪಿಎಚ್ 9ರಲ್ಲಿ ಬೇಯಿಸಿ.

1 ಲೀಟರಿಗೆ ಟ್ರಿಸ್ ಬೇಸ್ 1.21 ಗ್ರಾಂ, ಡೈಸೋಡಿಯಂ ಇಡಿಟಿಎ 0.37 ಗ್ರಾಂ. ಪಿಎಚ್ 9.0ಕ್ಕೆ ತಂದ ಮೇಲೆ ಟ್ವೀನ್ 20 ಅರ್ಧ ಮಿ.ಲೀ. ಟ್ರಿಸ್‌ನ ಪಿಎಚ್ ಉಷ್ಣತೆಯ ಜೊತೆ ಓಡುತ್ತದೆ, ಒಂದು ಡಿಗ್ರಿ ಏರಿದರೆ ಸುಮಾರು 0.03 ಇಳಿಯುತ್ತದೆ. ಮೇ ತಿಂಗಳ 33 ಡಿಗ್ರಿ ಕೋಣೆಯಲ್ಲಿ ಒಮ್ಮೆ, ಎಸಿ ಹಾಕಿದ 22 ಡಿಗ್ರಿಯಲ್ಲಿ ಒಮ್ಮೆ ಅಳೆದು ಹೊಂದಿಸಿದರೆ ಎರಡು ಬ್ಯಾಚ್‌ಗಳ ನಡುವೆ 0.3 ವ್ಯತ್ಯಾಸ. ಹಾಗಾಗಿ ಯಾವಾಗಲೂ 25 ಡಿಗ್ರಿಯಲ್ಲೇ ಅಳೆಯಿರಿ.

ಮೈಕ್ರೋವೇವ್‌ಗಿಂತ ಸ್ಟೀಲ್ ಪ್ರೆಶರ್ ಕುಕ್ಕರ್ ನಂಬಿಕೆಗೆ ಯೋಗ್ಯ. ಬಫರ್ ಮೊದಲು ಕುದಿಯಲಿ, ಆಮೇಲೆ ಸ್ಲೈಡ್ ರ‍್ಯಾಕ್ ಇಳಿಸಿ ಮುಚ್ಚಿ. ಪೂರ್ತಿ ಪ್ರೆಶರ್ ಬಂದ ಕ್ಷಣದಿಂದ ಗಡಿಯಾರ ನೋಡಿ 3 ನಿಮಿಷ. ಸೀಟಿ ಎಣಿಸಬೇಡಿ, ಉರಿ ಹೆಚ್ಚಿದ್ದರೆ 3 ಸೀಟಿ ಬೇಗ ಬರುತ್ತದೆ. ಕುಕ್ಕರನ್ನು ತಣ್ಣೀರಿನ ಕೆಳಗೆ ಹಿಡಿದು ಪ್ರೆಶರ್ ಇಳಿಸಿ, ಸ್ಲೈಡ್‌ಗಳನ್ನು ಅದೇ ಬಫರಿನಲ್ಲಿ 20 ನಿಮಿಷ ತಣಿಯಲು ಬಿಡಿ. ಬಿಸಿ ಇರುವಾಗ ಎತ್ತಿದರೆ ಸೆಕ್ಷನ್ ಕಣ್ಣೆದುರೇ ಒಣಗುತ್ತದೆ, ಒಣಗಿದ ಜಾಗದಲ್ಲಿ ಮತ್ತೆ ಏನೂ ನೆಟ್ಟಗೆ ಹಿಡಿಯುವುದಿಲ್ಲ.

ಮೈಕ್ರೋಟೋಮ್_ಕುಡ್ಲ

ಪಿಎಚ್ 9 ಒಮ್ಮೆ ಮಾಡಿ ನೋಡಿದ್ದುಂಟು ಸರ್. ಸೆಕ್ಷನ್ ಎದ್ದು ಹೋಗ್ತದೆ, ಅದರಲ್ಲೂ ಕೊಬ್ಬಿನ ಭಾಗ. ಅದಕ್ಕೇ ಸಿಟ್ರೇಟ್‌ಗೆ ಹೋದದ್ದು.

ಹಿಸ್ಟೋಟೆಕ್_ಉಡುಪಿ

ಅದು ಬಫರಿನ ತಪ್ಪಲ್ಲ ಮಾರಾಯ್ರೆ, ಒಣಗಿಸುವುದರಲ್ಲಿ ಉಂಟು. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರ್ತದೆ, ಸ್ಲೈಡ್ ಒಣಗುವುದು ಎಲ್ಲಿಂದ? ವಾಟರ್ ಬಾತಿನಿಂದ ಎತ್ತಿದ ಕೂಡಲೇ ಹಾಟ್ ಪ್ಲೇಟಿನ ಮೇಲೆ ಮಲಗಿಸಿದರೆ ಸೆಕ್ಷನಿನ ಕೆಳಗೆ ನೀರು ಸಿಕ್ಕಿಬೀಳ್ತದೆ. ಮೇಲಿನಿಂದ ನೋಡಿದರೆ ಒಣಗಿದ ಹಾಗೆ ಕಾಣ್ತದೆ. ಸ್ಲೈಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕರಿದ ಹಪ್ಪಳದ ಮೈಯ ಹಾಗೆ ಸಣ್ಣ ಸಣ್ಣ ಗುಳ್ಳೆ ಕಾಣ್ತದೆ. ಕುಕ್ಕರಿನಲ್ಲಿ ಆ ಗುಳ್ಳೆಯ ನೀರು ಕುದಿದು ಸೆಕ್ಷನನ್ನು ಎತ್ತಿಬಿಡ್ತದೆ. ಪೂರ್ತಿ ಎದ್ದು ಹೋದರೆ ಗೊತ್ತಾದರೂ ಆಗ್ತದೆ. ಅರ್ಧ ಎದ್ದರೆ ಡ್ಯಾಬ್ ಕೆಳಗೆ ನುಗ್ಗಿ, ಮಡಚಿದ ಅಂಚಿನಲ್ಲಿ ದಪ್ಪ ಕಂದು ಗೆರೆ ಬಿಡ್ತದೆ. ಅಲ್ಲಿಯದ್ದನ್ನು ಎಣಿಸಲೇ ಬಾರದು.

3 ಮೈಕ್ರಾನ್, ಹೆಚ್ಚೆಂದರೆ 4. ಚಾರ್ಜ್ಡ್ ಸ್ಲೈಡ್. ವಾಟರ್ ಬಾತಿಗೆ ಜೆಲಟಿನ್, ಮೊಟ್ಟೆಯ ಆಲ್ಬುಮಿನ್ ಏನೂ ಹಾಕಬೇಡಿ, ಅದು ಚಾರ್ಜನ್ನೇ ಮುಚ್ಚಿಬಿಡ್ತದೆ. ಸ್ಲೈಡ್ ನೆಟ್ಟಗೆ ನಿಲ್ಲಿಸಿ ನೀರು ಪೂರ್ತಿ ಬಸಿಯಲು ಬಿಡಿ, ರಾತ್ರಿ 37 ಡಿಗ್ರಿ ಓವನ್, ಬೆಳಿಗ್ಗೆ 60 ಡಿಗ್ರಿಯಲ್ಲಿ 1 ಗಂಟೆ. ಚಾರ್ಜ್ಡ್ ಸ್ಲೈಡಿನ ಪೆಟ್ಟಿಗೆ ಒಡೆದ ಮೇಲೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಕತ್ತರಿಸಿಟ್ಟ ಸೆಕ್ಷನ್ 6 ವಾರ ದಾಟಿದ್ದರೆ ಇಆರ್‌ಗೆ ಬಳಸಬೇಡಿ, ಬ್ಲಾಕಿನಿಂದ ಹೊಸದಾಗಿ ಕತ್ತರಿಸಿ.

ಬಲ್ಮಠ_ಲ್ಯಾಬ್

ಹೊಸ ಕ್ಲೋನ್ ಬರುವ ತನಕ 1ಡಿ5ಯನ್ನೇ 1:25 ಮಾಡಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಟ್ಟರೆ ಆಗುವುದಿಲ್ಲವಾ? ಕೆಲವು ಕಡೆ ಹಾಗೆ ಮಾಡ್ತಾರೆ.

ಬಫರ್_9

ಆಗಬಹುದು, ಆದರೆ ಬೇಡ. ರಿಟ್ರೀವಲ್‌ನಲ್ಲಿ ಬಾಗಿಲು ತೆರೆಯದಿದ್ದರೆ ಹೊರಗೆ ಜನ ಜಾಸ್ತಿ ನಿಲ್ಲಿಸಿ ಪ್ರಯೋಜನವಿಲ್ಲ, ಬ್ಯಾಕ್‌ಗ್ರೌಂಡ್ ಮಾತ್ರ ಏರುತ್ತದೆ. ಮೊದಲು ಬಫರ್ ಬದಲಿಸಿ, ಆಮೇಲೆ ಡೈಲ್ಯೂಷನ್.

ಎಸ್‌ಪಿ1 ಬಂದ ಮೇಲೆ ಟಾನ್ಸಿಲ್-ಗರ್ಭಕೊರಳು ಬ್ಲಾಕಿನಿಂದ 10 ಸ್ಲೈಡ್ ಕತ್ತರಿಸಿ. ಎಂಟು ಸ್ಲೈಡಿಗೆ ಎಸ್‌ಪಿ1, 1:50, 1:100, 1:200, 1:400, ಒಂದೊಂದೂ ಸಿಟ್ರೇಟ್‌ನಲ್ಲಿ ಒಂದು, ಟ್ರಿಸ್-ಇಡಿಟಿಎಯಲ್ಲಿ ಒಂದು. ಉಳಿದ ಎರಡಕ್ಕೆ ಹಳೆಯ 1ಡಿ5 1:50, ಎರಡೂ ಬಫರಿನಲ್ಲಿ. ಪೆರಾಕ್ಸಿಡೇಸ್ ಬ್ಲಾಕ್ 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಪ್ರೈಮರಿ 45 ನಿಮಿಷ ತೇವದ ಪೆಟ್ಟಿಗೆಯಲ್ಲಿ, ಪಾಲಿಮರ್ 30 ನಿಮಿಷ, ನಡುನಡುವೆ ಪಿಎಚ್ 7.6ರ ಟ್ವೀನ್ ಬೆರೆತ ಟಿಬಿಎಸ್‌ನಲ್ಲಿ (ಟ್ರಿಸ್ ಬೆರೆತ ಸಲೈನ್) ಮೂರು ಸಲ ತೊಳೆಯುವುದು. ಡ್ಯಾಬ್ ಹತ್ತಕ್ಕೂ ಒಂದೇ ಸಮಯ. ಹಿಮಟಾಕ್ಸಿಲಿನ್ ತೆಳುವಾಗಿರಲಿ. ದಪ್ಪ ನೀಲಿಯ ಕೆಳಗೆ 1+ (ತೆಳು) ಕಂದು ಮುಚ್ಚಿಹೋಗುತ್ತದೆ, ಕಡಿಮೆ ಪಾಸಿಟಿವ್ ಕೇಸ್ ಕೈತಪ್ಪುವುದು ಅಲ್ಲೇ.

ಖರ್ಚಿನ ಚಿಂತೆ ಬೇಡ. ಒಂದು ಸೆಕ್ಷನಿಗೆ 100 ಮೈಕ್ರೋಲೀಟರ್ ಹಾಕಿದರೆ, 0.1 ಮಿ.ಲೀ. ಕಾನ್ಸಂಟ್ರೇಟ್ 1:100ರಲ್ಲಿ ಸುಮಾರು 100 ಸ್ಲೈಡಿಗೆ ಬರುತ್ತದೆ.

ಪಿಜಿ_ಎರಡನೇ_ವರ್ಷ

ನಡುವೆ ಬರುವುದಕ್ಕೆ ಕ್ಷಮಿಸಿ. ಥೀಸಿಸ್‌ಗೆ ಕರುಳಿನ ಕ್ಯಾನ್ಸರಿನಲ್ಲಿ ಇಆರ್ ಬೀಟಾ ನೋಡಬೇಕು ಅಂತಿದೆ. ಒಂದು ಪಾಲಿಕ್ಲೋನಲ್ ಸಿಗ್ತದೆ. ಇದೇ ಪ್ರೋಟೋಕಾಲ್ ಸಾಕಾ?

ಗ್ರಾಸಿಂಗ್_ಟೇಬಲ್

ಪ್ರೋಟೋಕಾಲ್‌ಗಿಂತ ಮೊದಲು ಆಂಟಿಬಾಡಿ ಪ್ರಶ್ನೆ. ಬೀಟಾ ಬೇರೆಯೇ ಜೀನ್. ಇಲ್ಲಿಯವರೆಗೆ ಮಾತಾಡಿದ್ದು ಆಲ್ಫಾ, ಅದರ ಜೀನ್ ಇಎಸ್‌ಆರ್1, 6ನೇ ಕ್ರೋಮೋಸೋಮ್. ಬೀಟಾ ಇಎಸ್‌ಆರ್2, 14ನೇ ಕ್ರೋಮೋಸೋಮ್, ಅದು ಗೊತ್ತಾದದ್ದೇ 1996ರಲ್ಲಿ. ಎಸ್‌ಪಿ1 ಹಿಡಿಯುವ ತುದಿ ಬೀಟಾದಲ್ಲಿ ಬೇರೆ, ಹಾಗಾಗಿ ಅದು ನಿಮಗೆ ಆಗುವುದಿಲ್ಲ. 2017ರಲ್ಲಿ 13 ಬೀಟಾ ಆಂಟಿಬಾಡಿಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಕೆಲಸದಲ್ಲಿ ನಂಬಬಹುದಾದದ್ದು ಪಿಪಿಜೆಡ್0506 ಎಂಬ ಒಂದೇ ಒಂದು. ಅದನ್ನು ಬಳಸಿ ನೋಡಿದಾಗ ಮಾಮೂಲಿ ಅಂಗಾಂಶಗಳಲ್ಲಿ ಬೀಟಾ ಕಂಡದ್ದು ವೃಷಣ, ಅಂಡಾಶಯ, ಲಿಂಫಾಯ್ಡ್ ಕೋಶ, ಇಷ್ಟರಲ್ಲಿ ಮಾತ್ರ. ಹಳೆಯ ಪಾಲಿಕ್ಲೋನಲ್‌ನಲ್ಲಿ ಕರುಳು ಕಂದಾಗಿ ಕಂಡರೆ ಅದು ಬೀಟಾವೇ ಅಂತ ನೀವು ಹೇಳುವ ಹಾಗಿಲ್ಲ. ಗೈಡ್ ಹತ್ತಿರ ಈಗಲೇ ಮಾತಾಡಿ, ಸಿನಾಪ್ಸಿಸ್ ಹೋಗುವ ಮೊದಲು. ಪಾಸಿಟಿವ್ ಕಂಟ್ರೋಲ್‌ಗೆ ವೃಷಣ ಇಡಿ, ಅಥವಾ ಓವರಿಯ ಗ್ರಾನುಲೋಸಾ ಸೆಲ್ ಟ್ಯೂಮರ್. ಬರೀ ಸೈಟೋಪ್ಲಾಸಂ ಕಂದಾದರೆ ಅದನ್ನು ಪಾಸಿಟಿವ್ ಎಂದು ಎಣಿಸಬೇಡಿ.

ಪಿಜಿ_ಎರಡನೇ_ವರ್ಷ

ಧನ್ಯವಾದ ಮೇಡಂ. ನಾಳೆಯೇ ಕೇಳ್ತೇನೆ.

ಮೈಕ್ರೋಟೋಮ್_ಕುಡ್ಲ

ಹತ್ತು ಸ್ಲೈಡ್ ಆಯಿತು. ಸಿಟ್ರೇಟ್‌ನಲ್ಲಿ 1ಡಿ5: ಗರ್ಭಕೊರಳಿನ ಸ್ಟ್ರೋಮಾ ಅರ್ಧಕ್ಕರ್ಧ ನೀಲಿ, ಟಾನ್ಸಿಲ್ ಪೂರ್ತಿ ಬೋಳು. ಅದೇ 1ಡಿ5 ಟ್ರಿಸ್-ಇಡಿಟಿಎಯಲ್ಲಿ ಗರ್ಭಕೊರಳು ಸುಧಾರಿಸಿದೆ, ಟಾನ್ಸಿಲ್ ಈಗಲೂ ಇಲ್ಲ. ಎಸ್‌ಪಿ1 ಟ್ರಿಸ್-ಇಡಿಟಿಎಯಲ್ಲಿ 1:50ಕ್ಕೆ ಮ್ಯಾಂಟಲ್ ಮೇಲೆ ತೆಳು ಕಂದು ಮಂಜು, 1:100ಕ್ಕೆ ಮ್ಯಾಂಟಲ್ ಸ್ವಚ್ಛ, ಜರ್ಮಿನಲ್ ಸೆಂಟರಿನ ಚುಕ್ಕೆಗಳು ಸ್ಪಷ್ಟ. 1:200ಕ್ಕೆ ಚುಕ್ಕೆ ಹುಡುಕಬೇಕು, 1:400ಕ್ಕೆ ಇಲ್ಲ. 1:100 ಇಟ್ಟುಕೊಂಡೆವು. ಸ್ಲೈಡ್ ನಿಲ್ಲಿಸಿ ಒಣಗಿಸಿದ ಮೇಲೆ ಹತ್ತರಲ್ಲಿ ಒಂದೂ ಎದ್ದಿಲ್ಲ.

ಇನ್ನು ಕೇಸ್‌ಗಳು. ಲೋಬ್ಯುಲಾರ್‌ನಲ್ಲಿ ಮಾಮೂಲಿ ಡಕ್ಟ್ ಸರಿಯಾಗಿ ಬಂತು, ಗಡ್ಡೆಯ ಮುಕ್ಕಾಲು ಪಾಲು ಕೋಶ ಮಧ್ಯಮ ಕಂದು, ಆಲ್‌ರೆಡ್ ಸ್ಕೋರ್ (ಕೋಶಗಳ ಪಾಲು + ಬಣ್ಣದ ಗಾಢತೆ, ಒಟ್ಟು 8ಕ್ಕೆ) 5+2=7. ಟ್ಯೂಬ್ಯುಲಾರ್ ಬ್ಲಾಕಿನ ನಡು ಎಸ್‌ಪಿ1ನಲ್ಲೂ ತೇಪೆ ತೇಪೆ. ಟ್ರೂಕಟ್‌ನಲ್ಲಿ ಸುಮಾರು 5% ಕೋಶ ತೆಳುವಾಗಿ ಬಂದಿದೆ. ಅದರ ರಿಕ್ವಿಸಿಷನ್ ನೋಡಿದೆ ಮೇಡಂ, ಮಧ್ಯಾಹ್ನ 2ಕ್ಕೆ ಫಾರ್ಮಾಲಿನ್, ಸಂಜೆ 5ಕ್ಕೆ ಪ್ರೊಸೆಸರ್.

ಗ್ರಾಸಿಂಗ್_ಟೇಬಲ್

ಮೂರು ಸೊನ್ನೆಗೆ ಮೂರು ಕಾರಣ ಸಿಕ್ಕಿತು. ವರದಿಯನ್ನೂ ಮೂರು ರೀತಿಯಲ್ಲೇ ಬರೆಯಬೇಕಾಗ್ತದೆ.

ಲೋಬ್ಯುಲಾರ್ ಪಾಸಿಟಿವ್, ತಿದ್ದಿದ ವರದಿ ಇವತ್ತೇ ಹೋಗಲಿ, ಫೋನ್ ಮಾಡಿ ಆಂಕಾಲಜಿಸ್ಟಿಗೆ ತಿಳಿಸಿ. ಕಾಗದ ತಲುಪುವ ತನಕ ಕಾಯಬೇಡಿ, ಆ ಹೆಂಗಸಿಗೆ ಟಮಾಕ್ಸಿಫೆನ್ ಅಥವಾ ಅರೊಮಟೇಸ್ ಇನ್ಹಿಬಿಟರ್ ಸಿಗಬೇಕಾ ಬೇಡವಾ ಎಂಬುದು ಈ ಒಂದು ಸಾಲಿನ ಮೇಲೆ ನಿಂತಿದೆ.

ಟ್ಯೂಬ್ಯುಲಾರ್ ಕೇಸಲ್ಲಿ ಆ ಬ್ಲಾಕನ್ನು ಬಿಡಿ. ಆಪರೇಷನ್‌ಗೆ ಮೊದಲು ಟ್ರೂಕಟ್ ತೆಗೆದಿರ್ತಾರೆ, ಆ ಬ್ಲಾಕ್ ತರಿಸಿ, ಅದರ ಫಿಕ್ಸೇಷನ್ ಸಮಯ ಸರಿ ಇದ್ದರೆ ಅದರ ಮೇಲೆ ಇಆರ್ ಹಾಕಿ. ಅದಿಲ್ಲದಿದ್ದರೆ ಅಂಚಿಗೆ ಗಡ್ಡೆ ತಾಗಿರುವ ಬೇರೆ ಬ್ಲಾಕ್.

ಮೂರನೆಯದು 1ರಿಂದ 10% ನಡುವೆ, 2020ರ ಅಮೆರಿಕದ ಆಸ್ಕೊ-ಸಿಎಪಿ ಮಾರ್ಗಸೂಚಿಯ ಪ್ರಕಾರ ಇಆರ್ ಲೋ ಪಾಸಿಟಿವ್. ಆದರೆ ಅಷ್ಟೇ ಬರೆದು ಬಿಡಬೇಡಿ. ಸೊನ್ನೆಯಿಂದ 10% ಒಳಗಿನ ಪ್ರತಿ ಕೇಸಿನಲ್ಲೂ ಇಂಟರ್ನಲ್ ಕಂಟ್ರೋಲ್ (ಅದೇ ಸ್ಲೈಡಿನ ಮಾಮೂಲಿ ಡಕ್ಟ್) ಏನಾಯಿತು ಅಂತ ಬರೆಯಲೇಬೇಕು. ಇಲ್ಲಿ ಮಾಮೂಲಿ ಡಕ್ಟ್ ಇಲ್ಲ, ಫಾರ್ಮಾಲಿನ್ 3 ಗಂಟೆ ಮಾತ್ರ, ಸ್ಲೈಡಿನ ಟಾನ್ಸಿಲ್ ಸರಿ ಬಂದಿದೆ. ಮೂರನ್ನೂ ಬರೆದು, ಆಪರೇಷನ್ ಸ್ಪೆಸಿಮನ್‌ನಲ್ಲಿ ಮತ್ತೆ ಮಾಡಬೇಕು ಅಂತ ಸೇರಿಸಿ. ಆ ಸ್ಪೆಸಿಮನ್ ಬಂದಾಗ ಬಕೆಟಿನಲ್ಲಿ ಕಾಯಲು ಬಿಡಬೇಡಿ, 1 ಗಂಟೆಯೊಳಗೆ ಕುಯ್ದು ಹಾಕಲು ಓಟಿಗೆ ಈಗಲೇ ಹೇಳಿಡಿ.

ಮೈಕ್ರೋಟೋಮ್_ಕುಡ್ಲ

ಟ್ಯೂಬ್ಯುಲಾರ್ ಕೇಸಿನ ಹಳೆಯ ಟ್ರೂಕಟ್ ಬ್ಲಾಕ್ ಸಿಕ್ಕಿತು, ಫಾರ್ಮಾಲಿನ್‌ನಲ್ಲಿ 18 ಗಂಟೆ ಇದ್ದದ್ದು. ಎಸ್‌ಪಿ1 1:100, ಟ್ರಿಸ್-ಇಡಿಟಿಎ. ಗಡ್ಡೆಯ ಹೆಚ್ಚುಕಡಿಮೆ ಎಲ್ಲ ಕೋಶ ಗಾಢ ಕಂದು, ಆಲ್‌ರೆಡ್ 8. ಪಕ್ಕದಲ್ಲೇ ಒಂದು ಮಾಮೂಲಿ ಡಕ್ಟ್ ಕೂಡ ಉಂಟು, ಅಲ್ಲೊಂದು ಇಲ್ಲೊಂದು ಕಂದು, ಹೊರಗಿನ ಸಾಲು ನೀಲಿ. ತಿದ್ದಿದ ವರದಿ ಹೋಗಿದೆ. ಲೇಬಲ್‌ಗೆ ಎರಡು ಗೆರೆ ಪ್ರಿಂಟ್ ಹಾಕಿಸಿ, ಬಫರ್ ಫಾರ್ಮಾಲಿನ್ ತುಂಬಿದ 40 ಬಾಟಲಿ ನಾಳೆ ಬೆಳಿಗ್ಗೆಯ ಬಸ್ಸಿಗೆ ಕುಂದಾಪುರ, ಕಾರ್ಕಳಕ್ಕೆ ಕಳಿಸ್ತಾ ಇದ್ದೇವೆ.